ಕುದುರೆಯ ಕುತ್ತಿಗೆ

ಚನ್ನಪಟ್ಟಣದ ಲೇತಿನ ಮೇಲೆ ಚದುರಂಗದ ಕಾಲಾಳೊಂದು ಹುಟ್ಟಲು ಹೆಚ್ಚು ಹೊತ್ತು ಬೇಡ. ಹಾಲೆ ಮರದ ತುಂಡು ಗಿರಗಿರನೆ ತಿರುಗುತ್ತದೆ, ಉಳಿ ತಾಗಿದ ಕಡೆ ಹೊಟ್ಟು ಹಾರುತ್ತದೆ. ತಲೆ, ಕುತ್ತಿಗೆ, ಪೀಠ ಒಂದರ ಹಿಂದೊಂದು ಮೂಡುತ್ತವೆ. ಗೋಪುರದ ಆಕಾರದ ಆನೆಯೂ ಹೀಗೆಯೇ. ಒಂಟೆ, ಮಂತ್ರಿ, ರಾಜ ಯಾರೂ ಕಡೆಯುವವನಿಗೆ ತಕರಾರು ಮಾಡುವುದಿಲ್ಲ. ತಕರಾರು ಮಾಡುವುದು ಕುದುರೆ ಮಾತ್ರ.

ಕಾರಣ ಸರಳ ರೇಖಾಗಣಿತ. ತಿರುಗುವ ಮರಕ್ಕೆ ಉಳಿ ಹಿಡಿದರೆ ಸುತ್ತಲೂ ಒಂದೇ ಸಮನಾದ ಆಕಾರ ಮಾತ್ರ ಬರುತ್ತದೆ. ಕುದುರೆಗೆ ಮುಂದು ಹಿಂದು ಎಂಬುದಿದೆ, ಮೂತಿ ಕಿವಿಗಳಿವೆ, ಬಾಗಿದ ಕುತ್ತಿಗೆ ಇದೆ. ಹೀಗಾಗಿ ಲೇತಿನಿಂದ ಇಳಿದ ಮೇಲೂ ಅದಕ್ಕೆ ಕೈಕೆಲಸ ಬೇಕು. 1849ರಲ್ಲಿ ಲಂಡನ್ನಿನ ಜಾಕ್ಸ್ ಕಂಪನಿ ಮಾರುಕಟ್ಟೆಗೆ ತಂದ ‘ಸ್ಟಾಂಟನ್’ ಮಾದರಿಯ ಚದುರಂಗದ ಕಾಯಿಗಳನ್ನು ಇಂದಿಗೂ ಜಗತ್ತಿನ ಬಹುತೇಕ ಅಧಿಕೃತ ಪಂದ್ಯಗಳಲ್ಲಿ ಬಳಸುತ್ತಾರೆ. ಅವುಗಳಲ್ಲೂ ಅತಿ ಹೆಚ್ಚು ಶ್ರಮ ಬೇಡುವುದು ಕುದುರೆಯ ತಲೆಯೇ. ಚದುರಂಗದ ಹುಚ್ಚಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆಯನ್ನು ಅರವತ್ತನಾಲ್ಕು ಮನೆಗಳಿಗೂ ಒಮ್ಮೊಮ್ಮೆ ಮಾತ್ರ ಹಾಯಿಸುವ ನಡೆಗಳನ್ನು ರಚಿಸಿದ್ದರು. ಕುದುರೆ ಗಣಿತಜ್ಞರ ತಲೆಯನ್ನು ಕಾಡಿದ್ದಕ್ಕಿಂತ ಬಡಗಿಗಳ ಕೈಯನ್ನು ಕಾಡಿದ್ದು ಹೆಚ್ಚು.

ಈ ತೊಡಕಿಗೆ ಜರ್ಮನಿಯ ಬೆಟ್ಟದ ಸೀಮೆಯಲ್ಲಿರುವ ಜೈಫನ್ ಎಂಬ ಊರಿನವರು ಕಂಡುಕೊಂಡ ಉಪಾಯ ಬೆರಗು ಹುಟ್ಟಿಸುವಂಥದ್ದು. ಅವರು ಮರದ ದಪ್ಪ ಬಿಲ್ಲೆಯನ್ನು ಲೇತಿಗೆ ಹಾಕಿ ಬಳೆಯಾಕಾರದಲ್ಲಿ ಕಡೆಯುತ್ತಾರೆ. ನೋಡಿದವರಿಗೆ ಅದು ಬರೀ ಗೆರೆಗೆರೆಯ ಬಳೆ. ಆದರೆ ಚಾಕುವಿನಿಂದ ಅದನ್ನು ಹೋಳು ಹೋಳಾಗಿ ಸೀಳಿದರೆ ಪ್ರತಿ ಹೋಳಿನ ಅಡ್ಡಕೊಯ್ತದಲ್ಲೂ ಒಂದು ಕುದುರೆ, ಒಂದು ಹಸು ಇಲ್ಲವೇ ಒಂದು ಆನೆ! ಕಡೆಯುವಾಗ ಕಸುಬುದಾರನಿಗೆ ಪ್ರಾಣಿ ಕಾಣುವುದಿಲ್ಲ. ಆಕಾರವೆಲ್ಲ ತಲೆಯಲ್ಲೇ ಇರಬೇಕು. ಚನ್ನಪಟ್ಟಣದವರು ಹಿಡಿದ ದಾರಿ ಬೇರೆ. ಹೊಟ್ಟೆ, ತಲೆ, ಕಾಲು, ಚಕ್ರ ಎಲ್ಲವನ್ನೂ ಬೇರೆ ಬೇರೆಯಾಗಿ ಕಡೆದು, ತೂತು ಕೊರೆದು, ಗೂಟ ಬಡಿದು ಜೋಡಿಸುತ್ತಾರೆ. ದುಂಡು ದುಂಡಾದ ಆ ಕುದುರೆಗೆ ನಿಜದ ಕುದುರೆಯ ಹೋಲಿಕೆ ಕಡಿಮೆ. ಆದರೆ ಮಗು ಎಷ್ಟು ಸಲ ಎಸೆದರೂ ಅದು ಮುರಿಯುವುದು ಅಪರೂಪ.

ಮುರಿಯದಿರುವುದಕ್ಕೂ ಕಾರಣವಿದೆ. ಮರದ ಶಕ್ತಿಯೆಲ್ಲ ಅದರ ನಾರಿನ ಉದ್ದಕ್ಕೆ. ಉದ್ದಕ್ಕೆ ಎಳೆದಾಗ ತಡೆಯುವ ಬಲಕ್ಕೆ ಹೋಲಿಸಿದರೆ ಅಡ್ಡಕ್ಕೆ ಎಳೆದಾಗ ಅದು ತಡೆಯುವ ಬಲ ಹತ್ತಾರು ಪಟ್ಟು ಕಡಿಮೆ. ಒಂದೇ ತುಂಡಿನಲ್ಲಿ ಕೆತ್ತಿದ ಕುದುರೆಯಲ್ಲಿ ನಾರು ಪೀಠದಿಂದ ನೆತ್ತಿಗೆ ನೇರವಾಗಿ ಹೋಗುತ್ತದೆ, ಮೂತಿ ಮಾತ್ರ ಅಡ್ಡಕ್ಕೆ ಚಾಚಿರುತ್ತದೆ. ಕಾಯಿ ನೆಲಕ್ಕೆ ಬಿದ್ದಾಗ ಮೂತಿ ಹಾರಿಹೋಗುವುದು ಅದಕ್ಕೇ. ಬಿಡಿ ಭಾಗಗಳನ್ನು ಜೋಡಿಸಿದ ಕುದುರೆಯಲ್ಲಾದರೆ ಕಾಲಿನ ನಾರನ್ನು ಕಾಲಿನ ಉದ್ದಕ್ಕೂ ಕುತ್ತಿಗೆಯ ನಾರನ್ನು ಕುತ್ತಿಗೆಯ ಉದ್ದಕ್ಕೂ ಇಡಬಹುದು.

ಮರಕ್ಕೆ ಇನ್ನೊಂದು ಶತ್ರುವಿದೆ: ಗಾಳಿ. ಚನ್ನಪಟ್ಟಣದ ಸೀಮೆಯದೇ ಆದ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯನ್ನೇ ತೆಗೆದುಕೊಳ್ಳಿ. ಮಾರ್ಚ್ ತಿಂಗಳ ಮಧ್ಯಾಹ್ನ ಈ ಬಯಲುಸೀಮೆಯ ಗಾಳಿಯ ತೇವಾಂಶ ಶೇಕಡಾ ಮೂವತ್ತರ ಆಸುಪಾಸಿಗೆ ಇಳಿಯುತ್ತದೆ. ಆಗಸ್ಟ್ ತಿಂಗಳ ಬೆಳಗ್ಗೆ ಎಂಬತ್ತೈದನ್ನು ದಾಟುತ್ತದೆ. ಮರ ಸತ್ತ ಮೇಲೂ ಈ ಏರಿಳಿತಕ್ಕೆ ಸ್ಪಂದಿಸುವುದನ್ನು ಬಿಡುವುದಿಲ್ಲ. ಒಣ ಗಾಳಿಯಲ್ಲಿ ಬಹಳ ಕಾಲ ಇದ್ದರೆ ಅದರೊಳಗಿನ ನೀರು ಮರದ ಒಣತೂಕದ ಶೇ 6ರಷ್ಟಕ್ಕೆ ಇಳಿಯುತ್ತದೆ, ತೇವದ ಗಾಳಿಯಲ್ಲಿದ್ದರೆ ಶೇ 18ಕ್ಕೆ ಏರುತ್ತದೆ. ನೀರು ಹೋದಂತೆ ಮರ ಕುಗ್ಗುತ್ತದೆ, ಅದೂ ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ. ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯತ್ತ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಹಸಿ ಮರದಲ್ಲಿ ಕಡೆದ ದುಂಡನೆಯ ಕಾಯಿ ಒಣಗುತ್ತ ಒಣಗುತ್ತ ಮೊಟ್ಟೆಯಾಕಾರಕ್ಕೆ ತಿರುಗುವುದು, ತಿರುಳು ಸೇರಿಸಿ ಕಡೆದದ್ದು ಪಟ್ಟನೆ ಸೀಳುವುದು ಈ ವ್ಯತ್ಯಾಸದಿಂದಲೇ. ಚನ್ನಪಟ್ಟಣದವರು ಮರವನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು ಆಮೇಲೆ ಲೇತಿಗೆ ಹಾಕುವುದರ ಹಿಂದಿನ ಲೆಕ್ಕವೂ ಇದೇ.

ಈ ಲೆಕ್ಕ ಮರೆತವರು ಪಟ್ಟ ಪಾಡಿಗೆ ಹಳೆಯ ಚದುರಂಗದ ಕಾಯಿಗಳೇ ಸಾಕ್ಷಿ. ಕಾಯಿ ಉರುಳಬಾರದೆಂದು ಪೀಠ ಕೊರೆದು ಒಳಗೆ ಸೀಸ ತುಂಬುವುದು ಹಳೆಯ ಕ್ರಮ. ಭಾರ ಕೆಳಗಿದ್ದರೆ ಗುರುತ್ವ ಕೇಂದ್ರ ತಗ್ಗಿ, ಕಾಯಿ ವಾಲಿದರೂ ಮತ್ತೆ ನೇರವಾಗುತ್ತದೆ. ಆದರೆ ಸೀಸ ಗಾಳಿಯ ತೇವಕ್ಕೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ತೇವದ ಊರಿನಿಂದ ಬಂದ ಕಾಯಿ ಚಳಿನಾಡಿನ ಬಿಸಿಮಾಡಿದ ಒಣ ಕೋಣೆ ಸೇರಿದಾಗ ಸುತ್ತಲಿನ ಮರ ಕುಗ್ಗಲು ಹೊರಡುತ್ತದೆ, ಒಳಗಿನ ಸೀಸ ಜಾಗ ಬಿಡುವುದಿಲ್ಲ. ಪೀಠ ಬಿರಿಯುತ್ತದೆ. ಹಳೆಯ ಗಟ್ಟಿಮರದ ಕಾಯಿಗಳಲ್ಲಿ ಇಂಥ ಬಿರುಕುಗಳನ್ನು ಕಾಣಬಹುದು.

ಬಣ್ಣದ ವಿಷಯದಲ್ಲಿ ಚನ್ನಪಟ್ಟಣದ್ದು ಜಾಣ್ಮೆಯ ಕೆಲಸ. ಅರಗಿನ ಹುಳು ಮರದ ಟೊಂಗೆಯ ಮೇಲೆ ಸುರಿಸುವ ಅಂಟನ್ನು ಶುದ್ಧಮಾಡಿ, ಬಣ್ಣ ಬೆರೆಸಿ ಕಡ್ಡಿ ಮಾಡಿಕೊಳ್ಳುತ್ತಾರೆ. ತಿರುಗುವ ಕಾಯಿಗೆ ಆ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಮೇಲೆ ಒಣಗಿದ ತಾಳೆ ಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಕುಂಚ ಬೇಡ, ಒಣಗಲು ಕಾಯುವುದೂ ಬೇಡ. ಅರಗು ಸುಮಾರು 65ರಿಂದ 80 ಡಿಗ್ರಿ ಸೆಲ್ಸಿಯಸ್‌ನೊಳಗೆ ಮೆದುವಾಗಿ ಕರಗುತ್ತದೆ ಎಂಬುದೇ ಈ ಕಸುಬಿನ ಜೀವಾಳ. ಆಟಿಕೆಯನ್ನು ಬಿಸಿನೀರಿನಲ್ಲಿ ತೊಳೆಯಬಾರದು ಎಂಬುದಕ್ಕೂ ಇದೇ ಕಾರಣ.

ಇಷ್ಟು ಹೊತ್ತು ಮರದ ಮಾತಾಯಿತು. ಮೇಜಿನ ಮೇಲೆ ಪೂರ್ತಿ ಯುದ್ಧವನ್ನೇ ಹೂಡುವವರು ಲೋಹದತ್ತ ಹೊರಳಿದ್ದರಿಂದ ಅನಾಹುತಗಳ ಬಗೆಯೂ ಬದಲಾಯಿತು.

ಚದುರಂಗಬಲವನ್ನು ಹಲಗೆಯ ಮೇಲಿಟ್ಟ ಆಟ ಭಾರತದಿಂದ ಹೊರಟು ಲೋಕ ಸುತ್ತಿ ಬಂದ ಕಥೆ ಎಲ್ಲರಿಗೂ ಗೊತ್ತು. ಪ್ರಷ್ಯದಲ್ಲಿ ಅದಕ್ಕೆ ಹೊಸ ರೂಪ ಬಂತು. 1812ರಲ್ಲಿ ಫಾನ್ ರೈಸ್ವಿಟ್ಸ್ ಎಂಬಾತ ದೊರೆಗೆ ಯುದ್ಧದಾಟದ ಮೇಜೊಂದನ್ನು ಮಾಡಿಕೊಟ್ಟ. 1824ರಲ್ಲಿ ಅವನ ಮಗ ನಕ್ಷೆಯ ಮೇಲೆ ಆಡುವ ನಿಯಮಗಳನ್ನು ಬರೆದ. ಸೇನಾಧಿಕಾರಿಗಳು ಅದನ್ನು ತರಬೇತಿಗೇ ಬಳಸಿದರು. ಆ ಆಟದಲ್ಲಿ ಸೈನ್ಯವೆಂದರೆ ಕೆಂಪು, ನೀಲಿ ಬಣ್ಣದ ಪುಟ್ಟ ಬಿಲ್ಲೆಗಳು. ಕುತ್ತಿಗೆಯೇ ಇಲ್ಲದ್ದರಿಂದ ಮುರಿಯುವ ಪ್ರಶ್ನೆಯೂ ಇರಲಿಲ್ಲ.

ಕುತ್ತಿಗೆ ಮುರಿಯುವ ಸೈನ್ಯ ಬಂದದ್ದು 1893ರಲ್ಲಿ. ಆ ವರ್ಷ ವಿಲಿಯಂ ಬ್ರಿಟನ್ ಎಂಬವರ ಲಂಡನ್ ಕಂಪನಿ ಟೊಳ್ಳು ಸೀಸದ ಸೈನಿಕರನ್ನು ಎರಕ ಹೊಯ್ಯಲು ಆರಂಭಿಸಿತು. ಉಪಾಯ ಹೀಗಿತ್ತು: ಕಾಯಿಸಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ಯುವುದು, ಅಚ್ಚಿನ ಗೋಡೆಗೆ ತಾಗಿದ ಪದರ ಗಟ್ಟಿಯಾಗುತ್ತಿದ್ದಂತೆ ಒಳಗೆ ಉಳಿದ ದ್ರವವನ್ನು ತಟ್ಟನೆ ಹೊರಗೆ ಸುರಿದುಬಿಡುವುದು. ಹೊರಗೆ ತೆಳ್ಳನೆಯ ಲೋಹದ ಸಿಪ್ಪೆ, ಒಳಗೆ ಖಾಲಿ. ಸೀಸ ಉಳಿಯಿತು, ಬೆಲೆ ಇಳಿಯಿತು, 54 ಮಿಲಿಮೀಟರ್ ಎತ್ತರದ ಸೈನಿಕ ಸಾಮಾನ್ಯ ಮನೆಯ ಮಕ್ಕಳ ಕೈಗೂ ಬಂದ. ಆದರೆ ಇಡೀ ದೇಹದಲ್ಲಿ ಅತಿ ಸಣ್ಣ ಸುತ್ತಳತೆ ಇರುವ ಜಾಗ ಕುತ್ತಿಗೆ. ಅಲ್ಲಿ ಸಿಪ್ಪೆಯೂ ತೆಳು. ಒಂದೆರಡು ಸಲ ಬಾಗಿದರೆ ತಲೆ ಕಳಚಿ ಕೈಗೆ ಬರುತ್ತಿತ್ತು.

ಇದಕ್ಕೆ ಮಕ್ಕಳು ಕಂಡುಹಿಡಿದ ಮದ್ದು ಬೆಂಕಿಕಡ್ಡಿ. ಟೊಳ್ಳು ದೇಹದೊಳಕ್ಕೆ ಕಡ್ಡಿಯ ತುಂಡು ತುರುಕಿ, ಅದರ ತುದಿಗೆ ತಲೆ ಸಿಕ್ಕಿಸಿದರೆ ಆಯಿತು. ಸೈನಿಕ ಮರಳಿ ಯುದ್ಧಕ್ಕೆ ಸಿದ್ಧ, ಬೇಕೆಂದರೆ ತಲೆ ಯಾವ ಕಡೆಗೂ ತಿರುಗುತ್ತದೆ. ಪುಟ್ಟ ಸೈನ್ಯಗಳ ಚರಿತ್ರೆಯಲ್ಲಿ ಇದಕ್ಕಿಂತ ಚೆಂದದ ದುರಸ್ತಿ ಇನ್ನೊಂದಿಲ್ಲ. ತಲೆ ಬದಲಾಯಿಸುವ ಹಾದಿ ತೆರೆದದ್ದೂ ಅಲ್ಲೇ: ಒಬ್ಬನ ದೇಹಕ್ಕೆ ಇನ್ನೊಬ್ಬನ ತಲೆ ಇಟ್ಟರೆ ಹೊಸದೊಂದು ಪಡೆಯೇ ಸಿದ್ಧವಾಗುತ್ತದಲ್ಲ. ಇಂದಿನವರು ಕಡ್ಡಿಯ ಬದಲು ಹಿತ್ತಾಳೆಯ ತಂತಿ ಇಲ್ಲವೇ ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪಿನ ತುಂಡನ್ನು ಬಳಸುತ್ತಾರೆ. ಎರಡೂ ಭಾಗಕ್ಕೆ ಸುಮಾರು ಒಂದು ಮಿಲಿಮೀಟರ್ ತೂತು ಕೊರೆದು ತಂತಿ ಇಳಿಸಿ ಅಂಟು ಹಚ್ಚುತ್ತಾರೆ. ತೂತುಗಳು ಒಂದಕ್ಕೊಂದು ಸರಿಹೊಂದಲು ಒಂದು ಕಡೆ ಬಣ್ಣದ ಚುಕ್ಕೆಯಿಟ್ಟು ಇನ್ನೊಂದನ್ನು ಒತ್ತಿ ಗುರುತು ತೆಗೆದುಕೊಳ್ಳುತ್ತಾರೆ. ಬಾಗಿಸುವ ಬಲವನ್ನು ತಂತಿ ಹೊರುತ್ತದೆ, ಅಂಟಿಗೆ ಉಳಿಯುವುದು ಹಿಡಿದಿಡುವ ಕೆಲಸ ಮಾತ್ರ.

ಬ್ರಿಟನ್ ಕಂಪನಿಯ ಸೈನಿಕರ ಮೇಲೆ ಅತಿ ಹೆಚ್ಚು ದಾಳಿ ಮಾಡಿದ ಖ್ಯಾತಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅವರದು. ಸ್ಪ್ರಿಂಗಿನಿಂದ ಮರದ ಗುಂಡು ಹಾರಿಸುವ ಆಟದ ಫಿರಂಗಿಯೊಂದು ಅವರ ಮನೆಯಲ್ಲಿತ್ತು. ಊಟವಾದ ಮೇಲೆ ಅತಿಥಿಯೊಬ್ಬರು ಅದರಿಂದ ಮೇಜಿನ ಮೇಲಿನ ಸೈನಿಕನಿಗೆ ಗುರಿಯಿಟ್ಟು ಹೊಡೆದರು, ಉಳಿದವರಿಗೂ ಹುರುಪು ಬಂತು, ಹೊಡೆಯುವುದಕ್ಕೊಂದು ನಿಯಮ ಬೇಕೆನಿಸಿತು. 1913ರಲ್ಲಿ ಬಂದ ವೆಲ್ಸ್ ಅವರ ‘ಲಿಟಲ್ ವಾರ್ಸ್’ ಪುಸ್ತಕ ಹುಟ್ಟಿದ್ದು ಹೀಗೆ. ಎಂಟು ಮೀಟರ್ ದೂರದಿಂದ ಹತ್ತರಲ್ಲಿ ಒಂಬತ್ತು ಸಲ ಗುರಿ ತಾಗಿಸಬಲ್ಲ ಫಿರಂಗಿ ಅದು ಎಂದು ಅವರು ಮೆಚ್ಚಿ ಬರೆದರು. ಅಂದರೆ ಆ ಆಟದಲ್ಲಿ ಸಾಯುವುದಕ್ಕೆ ದಾಳ ಬೇಕಿರಲಿಲ್ಲ, ಸೈನಿಕ ನಿಜವಾಗಿಯೂ ಉರುಳಿಬೀಳುತ್ತಿದ್ದ. ಬಣ್ಣ ಚಕ್ಕೆ ಏಳುವುದು, ತಲೆ ಹಾರುವುದು ಆಟದ ಭಾಗವೇ ಆಗಿತ್ತು.

ಗುಂಡಿಗೆ ಸಿಗದೆ ಬೀರುವಿನಲ್ಲಿ ನೆಮ್ಮದಿಯಾಗಿದ್ದ ಸೀಸದ ಸೈನಿಕರೂ ಪಾರಾಗಲಿಲ್ಲ. ವರ್ಷಗಳ ನಂತರ ಬಾಗಿಲು ತೆರೆದವರಿಗೆ ಕಂಡದ್ದು ಬಿಳಿ ಬೂದಿ ಮುಸುಕಿದ ಪಡೆ. ಓಕ್ ಮರವೂ ಕೆಲವು ಬಗೆಯ ಪ್ಲೈವುಡ್ಡೂ ಸದಾ ಸ್ವಲ್ಪ ಸ್ವಲ್ಪವಾಗಿ ಆಮ್ಲದ ಆವಿ ಬಿಡುತ್ತವೆ. ಅದರಲ್ಲಿ ಮುಖ್ಯವಾದದ್ದು ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ. ಅದು ಸೀಸದೊಂದಿಗೆ ಸೇರಿ ಸೀಸದ ಅಸಿಟೇಟ್ ಆಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಅದನ್ನು ಸೀಸದ ಕಾರ್ಬೊನೇಟಿಗೆ ತಿರುಗಿಸುತ್ತದೆ. ಆ ಹೆಜ್ಜೆಯಲ್ಲಿ ಆಮ್ಲ ಬಿಡುಗಡೆಯಾಗಿ ಮತ್ತೆ ಹೊಸ ಸೀಸವನ್ನು ತಿನ್ನಲು ಸಿದ್ಧವಾಗುತ್ತದೆ. ಮುಚ್ಚಿದ ಬೀರುವಿನೊಳಗೆ ಈ ಚಕ್ರ ನಿಲ್ಲದೆ ತಿರುಗುತ್ತದೆ. ಹಿಂದೆ ಬಿಳಿ ಬಣ್ಣಕ್ಕೆಂದು ಸೀಸದ ತಗಡನ್ನು ವಿನೆಗರ್ ಆವಿಗೆ ಒಡ್ಡಿ ಬೇಕೆಂದೇ ಮಾಡುತ್ತಿದ್ದ ಪುಡಿಯೂ ಇದೇ. ಪುಡಿ ವಿಷ, ಕೈಗೆ ಬಂದರೆ ಸೋಪು ಹಚ್ಚಿ ತೊಳೆಯಲೇಬೇಕು. ಸೀಸದ ಅಪಾಯದ ಅರಿವು ಬೆಳೆದಂತೆ ಟೊಳ್ಳು ಸೀಸದ ಸೈನಿಕರ ಕಾಲ ಮುಗಿಯುತ್ತ ಬಂದು, 1966ರಲ್ಲಿ ಬ್ರಿಟನ್ ಕಂಪನಿ ಅವನ್ನು ಮಾಡುವುದನ್ನು ನಿಲ್ಲಿಸಿತು.

ದುರಸ್ತಿಯ ಮಾತು ಬಂದಾಗ ಕನ್ನಡನಾಡಿನ ಅತಿ ಪ್ರಸಿದ್ಧ ಆಟಿಕೆಯನ್ನು ಬಿಡುವಂತಿಲ್ಲ. ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಬ್ರಿಟಿಷರ ಕೈಸೇರಿದ ಟಿಪ್ಪುವಿನ ಹುಲಿ ಮೇಜಿನ ಮೇಲೆ ಕೂರುವಂಥದ್ದಲ್ಲ, 1.78 ಮೀಟರ್ ಉದ್ದದ ಮರದ ಗೊಂಬೆ. ಒಬ್ಬ ಐರೋಪ್ಯನ ಮೇಲೆ ಹುಲಿ ಎರಗಿದೆ, ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಬಿದ್ದವನು ಕೈಯಾಡಿಸಿ ನರಳುತ್ತಾನೆ. ಹೊಟ್ಟೆಯೊಳಗೆ 18 ಕೀಲಿಗಳ ಪುಟ್ಟ ಆರ್ಗನ್ ಬೇರೆ. 1808ರಿಂದ ಅದನ್ನು ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಇಟ್ಟಾಗ ಬಂದವರೆಲ್ಲ ಹಿಡಿ ತಿರುಗಿಸುವವರೇ. ಪಕ್ಕದ ಓದುವ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತವರಿಗೆ ಆ ಗರ್ಜನೆ ದೊಡ್ಡ ಉಪದ್ರವವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ, ಆಗ ಅದನ್ನು ಇಟ್ಟಿದ್ದ ಮ್ಯೂಸಿಯಂ ಚಾವಣಿ ಕುಸಿದು ಹುಲಿಯ ಮೈ ನೂರಾರು ಚೂರಾಯಿತು. ಚೂರುಗಳನ್ನು ತಾಳ್ಮೆಯಿಂದ ಕೂಡಿಸಿ 1947ರ ಹೊತ್ತಿಗೆ ಮತ್ತೆ ಪ್ರದರ್ಶನಕ್ಕೆ ಇಟ್ಟರು. ಹತ್ತೊಂಬತ್ತನೆಯ ಶತಮಾನದ ರಿಪೇರಿಗಳಲ್ಲಿ ಒಳಗಿನ ಆರ್ಗನ್ನಿನ ಸ್ವರವೂ ಮಾರ್ಪಾಡಾಗಿದೆ. ಹಾಗಾಗಿ ಟಿಪ್ಪು ಕೇಳಿದ ದನಿ ಇಂದು ಯಾರಿಗೂ ಸಿಗುವಂತಿಲ್ಲ. ಇಂಥ ನಷ್ಟ ಕಣ್ಣಿಗೆ ಕಾಣದಿರುವುದರಿಂದಲೇ ಹೆಚ್ಚು ನೋವಿನದು.

ಪ್ಲಾಸ್ಟಿಕ್ ಬಂದ ಮೇಲೆ ಸೈನಿಕರು ಹಗುರಾದರು, ಬಿದ್ದರೆ ಪುಟಿದರು, ಫ್ಯಾನಿನ ಗಾಳಿಗೆ ಸಾಲಾಗಿ ಅಡ್ಡಬಿದ್ದರು. ಅದಕ್ಕೆ ಪರಿಹಾರ ಪೀಠದಡಿ ಅಂಟಿಸಿದ ಕಬ್ಬಿಣದ ವಾಷರ್. ಅಳತೆಯ ತೊಡಕು ಮಾತ್ರ ಹಾಗೆಯೇ ಉಳಿಯಿತು. ಇಂದು ಯುದ್ಧದಾಟದಲ್ಲಿ ಹೆಚ್ಚು ಬಳಕೆಯಲ್ಲಿರುವ ಸೈನಿಕ 28 ಮಿಲಿಮೀಟರ್ ಎತ್ತರದವನು, ಅಂದರೆ ಆಳಿನ ಅರವತ್ತನೆಯ ಒಂದು ಪಾಲು. ಮೂರು ಸೆಂಟಿಮೀಟರ್ ದಪ್ಪದ ಭರ್ಜಿಯನ್ನು ಅದೇ ಲೆಕ್ಕಕ್ಕೆ ಇಳಿಸಿದರೆ ಅರ್ಧ ಮಿಲಿಮೀಟರ್! ಅದು ಪೆಟ್ಟಿಗೆಯಿಂದ ಹೊರಗೆ ಬರುವ ಮೊದಲೇ ಮುರಿಯುತ್ತದೆ. ದುಂಡನೆಯ ಕಡ್ಡಿಯ ದಪ್ಪವನ್ನು ಎರಡು ಪಟ್ಟು ಮಾಡಿದರೆ ಅದರ ಬಿಗುವು ಹದಿನಾರು ಪಟ್ಟು ಹೆಚ್ಚುತ್ತದೆ, ಮುರಿಯದೆ ತಡೆಯುವ ಬಲ ಎಂಟು ಪಟ್ಟು ಏರುತ್ತದೆ. ಅಚ್ಚು ಮಾಡುವವರು ಭರ್ಜಿ, ಕೋವಿ, ಕೈ, ಕಾಲಿನ ಗಂಟುಗಳನ್ನೆಲ್ಲ ಬೇಕೆಂದೇ ದಪ್ಪಗೊಳಿಸುವುದು ಇದಕ್ಕಾಗಿ. ಮೊದಲ ಬಾರಿ ನೋಡಿದವರಿಗೆ ಈ ಸೈನಿಕರ ಕೈಗಳು ಊದಿಕೊಂಡಂತೆ ಕಾಣುವುದು ಸಹಜ. ಬಾಗಿದ ಪ್ಲಾಸ್ಟಿಕ್ ಭರ್ಜಿಯನ್ನು ಬಿಸಿನೀರಿನಲ್ಲಿ ಮುಳುಗಿಸಿ, ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ. ಅರಗಿನ ಆಟಿಕೆಯನ್ನು ಕೆಡಿಸುವ ಬಿಸಿ ಇಲ್ಲಿ ಔಷಧಿ.

ಪುಟ್ಟ ಸೈನ್ಯ ಕಟ್ಟುವವರ ಮೇಜಿನ ಮೇಲೆ ಫೆವಿಕ್ವಿಕ್ ಜಾತಿಯ ಅಂಟು ಇರಲೇಬೇಕು. ಅದರ ಹುಟ್ಟೇ ಒಂದು ಅನಾಹುತ. 1942ರಲ್ಲಿ ಹ್ಯಾರಿ ಕೂವರ್ ಮತ್ತು ಸಂಗಡಿಗರು ಕೊಡಾಕ್ ಕಂಪನಿಯಲ್ಲಿ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಸಯನೊಅಕ್ರಿಲೇಟ್ ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡಿದ್ದರಿಂದ ಬೇಸತ್ತು ಕೈಬಿಟ್ಟರು. 1951ರಲ್ಲಿ ಅದೇ ಕಂಪನಿಯ ಫ್ರೆಡ್ ಜಾಯ್ನರ್ ಬೆಳಕಿನ ವಕ್ರೀಭವನ ಅಳೆಯುವ ಉಪಕರಣದ ಎರಡು ಗಾಜಿನ ಪಟ್ಟಕಗಳ ನಡುವೆ ಅದನ್ನು ಸವರಿದರು. ಪಟ್ಟಕಗಳು ಮತ್ತೆ ಬಿಡಿಸಲಾಗದಂತೆ ಅಂಟಿಕೊಂಡವು. ದುಬಾರಿ ಉಪಕರಣ ಹಾಳಾಯಿತು, ಆದರೆ ಕೂವರ್‌ಗೆ ಕಣ್ಣು ತೆರೆಯಿತು. 1958ರಲ್ಲಿ ಅಂಟು ಅಂಗಡಿಗೆ ಬಂತು. ಇದನ್ನು ಗಟ್ಟಿಮಾಡುವುದು ಗಾಳಿಯಲ್ಲೂ ಚರ್ಮದ ಮೇಲೂ ಇರುವ ನೀರಿನ ಅಂಶ. ಸೈನಿಕನ ಕೈಗಿಂತ ಮೊದಲು ಅಂಟಿಸುವವನ ಬೆರಳು ಅಂಟುವುದು ಈ ಗುಣದಿಂದಲೇ. ಹತ್ತಿಯ ಬಟ್ಟೆಗೆ ಚೆಲ್ಲಿದರೆ ಕ್ರಿಯೆ ಎಷ್ಟು ಬೇಗ ನಡೆಯುತ್ತದೆಂದರೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತದೆ. ಆದ್ದರಿಂದ ಅದನ್ನು ಹತ್ತಿಯಿಂದ ಒರೆಸಬಾರದು. ಮಳೆಗಾಲದ ತೇವದ ದಿನ ಅಂಟಿನ ಆವಿ ಸುತ್ತಲೂ ಬಿಳಿಯ ಪುಡಿಯಾಗಿ ಕೂತು, ಕಷ್ಟಪಟ್ಟು ಬಳಿದ ಮುಖದ ಬಣ್ಣವನ್ನು ಮಂಜಾಗಿಸುವುದೂ ಉಂಟು.

ಇನ್ನು ರಣರಂಗ. ಸಾವನದುರ್ಗದ ಕೋಟೆ 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯಕ್ಕೆ ಬಿತ್ತು. ಆ ಯುದ್ಧವನ್ನು ಮೇಜಿನ ಮೇಲೆ ತರಬೇಕೆಂದರೆ ಕೋಟೆ ನಿಂತ ಬಂಡೆಯನ್ನು ಥರ್ಮಾಕೋಲ್‌ನಲ್ಲಿ ಕೊರೆಯುವುದು ಎಲ್ಲರಿಗೂ ಹೊಳೆಯುವ ದಾರಿ. ಕೊರೆದ ಬೆಟ್ಟಕ್ಕೆ ಸ್ಪ್ರೇ ಬಣ್ಣ ಹೊಡೆದ ಕ್ಷಣವೇ ಅನಾಹುತ ಶುರು: ಕಣ್ಣೆದುರೇ ಗುಂಡಿ ಬಿದ್ದು ಬೆಟ್ಟ ಕುಸಿಯುತ್ತದೆ. ಥರ್ಮಾಕೋಲ್‌ನಲ್ಲಿ ಸುಮಾರು ಶೇ 98 ಪಾಲು ಗಾಳಿ, ಉಳಿದದ್ದು ಪಾಲಿಸ್ಟೈರೀನ್. ಸ್ಪ್ರೇಯಲ್ಲಿರುವ ದ್ರಾವಕ ಆ ತೆಳು ಗೋಡೆಗಳನ್ನು ಕರಗಿಸಿದರೆ ಬೆಟ್ಟವೆಂಬುದು ಒಂದು ಚಮಚ ಅಂಟಾಗಿ ಉಳಿಯುತ್ತದೆ. ಮೋಜೆಂದರೆ ಈ ಕಾಲದ ಬಹಳಷ್ಟು ಪ್ಲಾಸ್ಟಿಕ್ ಸೈನಿಕರೂ ಪಾಲಿಸ್ಟೈರೀನಿನವರೇ. ಅವರ ಕೈಕಾಲು ಜೋಡಿಸುವ ಅಂಟು ಮಾಡುವುದೂ ಕರಗಿಸಿ ಬೆಸೆಯುವ ಇದೇ ಕೆಲಸವನ್ನೇ. ಸೈನಿಕನಿಗೆ ಬೆಸುಗೆಯಾದದ್ದು ಬೆಟ್ಟಕ್ಕೆ ಪ್ರಳಯ. ಮೊದಲು ಫೆವಿಕಾಲ್ ಬೆರೆಸಿದ ಕಾಗದದ ಪದರ ಹಚ್ಚಿ ಒಣಗಿಸಿ, ಆಮೇಲೆ ನೀರಿನ ಬಣ್ಣ ಬಳಿದರೆ ಸಾವನದುರ್ಗ ಉಳಿದುಕೊಳ್ಳುತ್ತದೆ.

ಕೈಗೆ ಸಿಕ್ಕಿದ್ದರಿಂದ ಯುದ್ಧಸಾಮಗ್ರಿ ಮಾಡುವ ಕಲೆಗೂ ದೊಡ್ಡ ಚರಿತ್ರೆಯಿದೆ. ‘ವಾರ್‌ಹ್ಯಾಮರ್ 40,000’ ಆಟ ಬಂದದ್ದು 1987ರಲ್ಲಿ. ಅದರ ಮೊದಲ ವರ್ಷಗಳಲ್ಲಿ ‘ವೈಟ್ ಡ್ವಾರ್ಫ್’ ಪತ್ರಿಕೆ ಡಿಯೋಡರೆಂಟ್ ಡಬ್ಬಿಯಿಂದ ತೇಲುವ ಯುದ್ಧವಾಹನ ಮಾಡುವ ಬಗೆಯನ್ನು ಓದುಗರಿಗೆ ಹೇಳಿಕೊಟ್ಟಿತು. ಆ ಡಬ್ಬಿಯ ಟ್ಯಾಂಕನ್ನು ಆಟಗಾರರು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಅದಕ್ಕೂ ಮೊದಲು, 1970ರ ದಶಕದಲ್ಲಿ ಅಮೆರಿಕದ ಆಟ ರಚನೆಕಾರ ಗ್ಯಾರಿ ಗೈಗ್ಯಾಕ್ಸ್‌ಗೆ ಹಾಂಗ್‌ಕಾಂಗಿನ ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಚೀಲವೊಂದು ಸಿಕ್ಕಿತು. ಹೆಸರಿಗೆ ಅವು ಪ್ರಾಚೀನ ಪ್ರಾಣಿಗಳು, ರೂಪಕ್ಕೆ ಯಾವ ಪಳೆಯುಳಿಕೆಗೂ ಹೊಂದುವುದಿಲ್ಲ. ಅವನ್ನೇ ಅವರು ಯುದ್ಧದ ಮೇಜಿಗಿಳಿಸಿದರು. ಗೂಬೆಯ ಮುಖದ ಕರಡಿ, ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಿನ್ನುವ ಮೃಗ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಬಂದದ್ದು ಆ ಚೀಲದಿಂದಲೇ.

ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳಿಗೆ ಕೈಗೆ ಸಿಕ್ಕಿದ್ದರಿಂದ ಪುಟ್ಟ ಲೋಕ ಕಟ್ಟುವ ಈ ಕಲೆ ಹೊಸದಲ್ಲ. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಜಂಬೂಸವಾರಿ ಹೊರಟಿರುತ್ತದೆ, ಕುದುರೆ ಸವಾರರು ಸಾಲಾಗಿ ನಿಂತಿರುತ್ತಾರೆ, ಪಕ್ಕದಲ್ಲಿ ಬೆಟ್ಟ, ಕೆರೆ, ತೋಟ. ಯುದ್ಧದಾಟದವರು ಹುಲ್ಲಿಗೆಂದು ಮರದ ಹೊಟ್ಟಿಗೆ ಹಸಿರು ಬಣ್ಣ ಕಟ್ಟಿ ಅಂಟಿಸುತ್ತಾರೆ. ಲೇತಿನಡಿ ರಾಶಿ ಬೀಳುವ ಹೊಟ್ಟು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಗೊಂಬೆ ಕೂರಿಸುವವರಿಗೆ ಅದೂ ಬೇಡ, ತಟ್ಟೆಯ ಮಣ್ಣಿಗೆ ರಾಗಿ ಚೆಲ್ಲಿದರೆ ನಿಜದ ಹೊಲವೇ ಏಳುತ್ತದೆ. ಎಡವಟ್ಟಾಗುವುದು ಅಳತೆಯಲ್ಲಿ. ಪಾಡ್ಯದ ದಿನ ಹಸಿರು ಹಾಸಿನಂತಿದ್ದ ಪೈರು ಆಯುಧಪೂಜೆಯ ಹೊತ್ತಿಗೆ ಹಲವು ಸೆಂಟಿಮೀಟರ್ ಏರಿ, ಇಡೀ ದಂಡು ಕುದುರೆಗಳ ಸಮೇತ ಅದರೊಳಗೆ ಮುಳುಗಿಹೋಗಿರುತ್ತದೆ. ನಡುಮನೆಯ ಮಂದ ಬೆಳಕು ಇದನ್ನು ಇನ್ನಷ್ಟು ಕೆಡಿಸುತ್ತದೆ: ಬೆಳಕು ಸಾಲದ ಸಸಿ ಅದನ್ನು ಹುಡುಕುತ್ತ ತೆಳ್ಳಗೆ, ಬಿಳಿಚಿಕೊಂಡು ಉದ್ದವಾಗುತ್ತದೆ. ತಟ್ಟೆಯನ್ನು ಹಗಲು ಕಿಟಕಿಯ ಬಳಿ ಇಟ್ಟರೆ ಪೈರು ಗಿಡ್ಡವಾಗಿ ದಟ್ಟ ಹಸಿರಾಗಿ ಬರುತ್ತದೆ. ಆಗಲೂ ಎತ್ತರವಾದರೆ ಕತ್ತರಿಯಿಂದ ಸೈನಿಕರ ಮೊಣಕಾಲಿನ ಮಟ್ಟಕ್ಕೆ ಕತ್ತರಿಸಬಹುದು; ರಾಗಿ ಹುಲ್ಲಿನ ಜಾತಿ, ಅದರ ಬೆಳೆಯುವ ಮೊಗ್ಗು ಎಳೆಯದರಲ್ಲಿ ಮಣ್ಣಿನ ಮಟ್ಟದಲ್ಲೇ ಇರುವುದರಿಂದ ಕತ್ತರಿಸಿದ ಮೇಲೂ ಚಿಗುರುತ್ತದೆ.